ಅತ್ತಿಗೆಯ ಸಾಕ್ಷಿ

ಅತ್ತಿಗೆ, ನಾದಿನಿ ಇಬ್ಬರೂ ಪರದೇಶದ ಒಂದೇ ಲಾಂಡ್ರಿಯಲ್ಲಿ ದುಡಿಯುತ್ತಿದ್ದರು. ಆಸ್ಪತ್ರೆಗಳ ಹಾಸು, ಹೊದಿಕೆ ಅಲ್ಲಿಗೆ ಬರುತ್ತಿದ್ದವು. ಅತ್ತಿಗೆ ಗಂಡ ತೀರಿಹೋದ ಮೇಲೆ ಒಬ್ಬಳೇ ಬಂದವಳು. ಆಮೇಲೆ ಗಂಡನ ತಂಗಿಯನ್ನೂ ಕರೆಸಿಕೊಂಡಳು. ಇಬ್ಬರಿಗೂ ಒಂದೇ ಕೋಣೆ, ಒಂದೇ ಒಲೆ.

ನಾದಿನಿ ಚುರುಕು. ಉಗಿಯಲ್ಲಿ ಓಡುವ ದೊಡ್ಡ ಇಸ್ತ್ರಿ ಯಂತ್ರವನ್ನು ವರ್ಷದೊಳಗೆ ಪಳಗಿಸಿಕೊಂಡಳು. ಅದು ಕೆಟ್ಟು ನಿಂತರೆ ಮೇಸ್ತ್ರಿಯೂ ಅವಳನ್ನೇ ಕೂಗುತ್ತಿದ್ದ. ಆದರೆ ಯಂತ್ರದವಳೆಂದರೆ ಹೆಚ್ಚು ಸಂಬಳ ಕೊಡಬೇಕಲ್ಲ, ಮಾಲೀಕ ಕಾಗದದಲ್ಲಿ ಸಹಾಯಕಿ ಅಂತಲೇ ಬರೆಸಿದ್ದ. ಅವಳ ಕೆಲಸದ ಪರ್ಮಿಟ್ ನವೀಕರಣಕ್ಕೆ ಹಾಕಿದಾಗ, ಸಹಾಯಕರ ಕೆಲಸಕ್ಕೆ ಹೊರಗಿನವರು ಬೇಕಿಲ್ಲವೆಂದು ಅರ್ಜಿ ತಿರಸ್ಕಾರವಾಯಿತು.

ಮೇಲ್ಮನವಿ ಹಾಕಿದರು. ಯಂತ್ರ ನಡೆಸುವುದು ಇವಳೇ ಎಂದು ಜೊತೆಗೆಲಸದವರೊಬ್ಬರು ಹೇಳಿದರೆ ಸಾಕು ಎಂದ ವಕೀಲ. ನಾದಿನಿ ಅತ್ತಿಗೆಯನ್ನು ಬಿಟ್ಟು ಬೇರೆ ಯಾರನ್ನೂ ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನಮ್ಮನೇಲಿ ಸುಳ್ಳಾಗುತ್ತೆ ಬಿಡಿ ಎಂದು ನಕ್ಕಳು.

ವಿಚಾರಣೆಯ ಹಿಂದಿನ ದಿನ ಮೇಸ್ತ್ರಿ ಅತ್ತಿಗೆಯನ್ನು ಪಕ್ಕಕ್ಕೆ ಕರೆದ. ಗದರಲಿಲ್ಲ. ಮುಂದಿನ ತಿಂಗಳು ನಿನ್ನ ಪರ್ಮಿಟ್ಟಿನ ಸರದಿ, ಅದಕ್ಕೂ ಮಾಲೀಕರದೇ ಸಹಿ ಎಂದಷ್ಟೇ ನೆನಪಿಸಿ ಹೋದ. ಊರಲ್ಲಿ ಅತ್ತಿಗೆಯ ಮಗಳು ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. ಅತ್ತಿಗೆ ಮನೆಗೆ ಬಂದು ಏನೂ ಹೇಳದೆ ಮಲಗಿದಳು.

ವಿಚಾರಣೆಯ ಕೋಣೆಗೆ ಕಿಟಕಿಯೇ ಇರಲಿಲ್ಲ. ಅಧಿಕಾರಿ ಕೇಳಿದ್ದನ್ನು ದುಭಾಷಿ ಕನ್ನಡಕ್ಕೆ ತಂದ: "ಇವರು ಅಲ್ಲಿ ಏನು ಕೆಲಸ ಮಾಡ್ತಾರೆ?"

ನಾದಿನಿ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು.

"ಬಟ್ಟೆ ಮಡಚ್ತಾಳೆ."

"ಯಂತ್ರ ನಡೆಸಲ್ವಾ?"

"ನಾನು ನೋಡಿಲ್ಲ."

ಮೇಲ್ಮನವಿ ವಜಾ ಆಯಿತು. ದೇಶ ಬಿಡಲು ಹದಿನೈದು ದಿನ ಕೊಟ್ಟರು.

ಕೋಣೆಗೆ ಬಂದು ಅತ್ತಿಗೆ ಮೇಸ್ತ್ರಿಯ ಮಾತನ್ನೂ ಮಗಳ ಓದನ್ನೂ ಒಂದೇ ಉಸಿರಿಗೆ ಹೇಳಿ ಅತ್ತಳು. ನಾದಿನಿ ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ನಿನ್ನೆನೇ ಹೇಳಿದ್ರೆ ಬೇರೆಯವರನ್ನ ಕೇಳ್ತಿದ್ದೆ ಅತ್ತಿಗೆ," ಎಂದಳು ನಾದಿನಿ. ಆ ಹದಿನೈದು ದಿನ ಅವಳು ತನ್ನ ಅನ್ನ ತಾನೇ ಬೇಯಿಸಿಕೊಂಡಳು.

ಅವಳು ಹೊರಟ ದಿನ ಅತ್ತಿಗೆ ರಜೆ ಕೇಳುವ ಧೈರ್ಯ ಮಾಡಲಿಲ್ಲ. ಮುಂದಿನ ತಿಂಗಳು ಅತ್ತಿಗೆಯ ಪರ್ಮಿಟ್ ಒಂದು ವರ್ಷಕ್ಕೆ ನವೀಕರಣವಾಗಿ ಬಂತು. ಸುದ್ದಿ ತಿಳಿಸಲು ಮಗಳಿಗೆ ಫೋನ್ ಮಾಡಿದಾಗ, ಊರಿಗೆ ವಾಪಸಾದ ಅತ್ತೆ ಹಾಸ್ಟೆಲಿಗೆ ಬಂದಿದ್ದರು, ಅಮ್ಮ ಚೆನ್ನಾಗಿದ್ದಾಳೆ ಅಂದರು ಎಂದಳು ಮಗಳು.

"ಬೇರೇನೂ ಹೇಳಲಿಲ್ವಾ?"

"ಇಲ್ಲಮ್ಮ. ಯಾಕೆ?"

ಅತ್ತಿಗೆ ಊಟ ಆಯಿತಾ ಎಂದು ಕೇಳಿದಳು.