ಖಂಡಪ್ಪನ ಬಕ್ತರ

ಬೆನ್ನು ಮುರಿದುಕೊಂಡವನನ್ನು ಕಂಡರೆ ಮರುಗಬೇಕು. ನಮ್ಮ ಸನ್ನತಿಯವರು ನಕ್ಕರು. ಹೈದರಾಬಾದಿನ ದವಾಖಾನೆಯಿಂದ ಖಂಡಪ್ಪ ದಸರೆಗೆ ಮರಳಿ ಬಂದ ರೀತಿಯೇ ಹಾಗಿತ್ತು. ಬೆನ್ನಿಗೆ ಎರಡು ಉಕ್ಕಿನ ಪಟ್ಟಿ, ಎದೆಯಿಂದ ಸೊಂಟದವರೆಗೆ ದಪ್ಪ ತೊಗಲು, ಮುಂದೆ ಸಾಲಾಗಿ ಬಕ್ಕಲುಗಳು. ಹುಟ್ಟು ಹಾಕಿ ಹಾಕಿ ಬಾಗಿಹೋಗಿದ್ದ ಅಂಬಿಗ ಗಾಡಿಯಿಂದ ಇಳಿದು ಕಂಬದ ಹಾಗೆ ನಿಂತ. ಯುದ್ಧಕ್ಕೆ ತೊಡುವ ಕವಚದ ಹಾಗಿದ್ದ ಅದಕ್ಕೆ ಯಾರೋ ಬಕ್ತರ ಎಂದು ಹೆಸರಿಟ್ಟರು. ಇನ್ನೊಬ್ಬರು, "ತಹಸೀಲ್ದಾರ್ ಸಾಹೇಬರು ಬಂದ್ರು, ದಾರಿ ಬಿಡ್ರಿ" ಎಂದರು. ಖಂಡಪ್ಪನೂ ನಕ್ಕ, ಆದರೆ ನಕ್ಕರೆ ಪಕ್ಕೆಗೆ ಪಟ್ಟಿ ಒತ್ತುತ್ತಿತ್ತು.

ಬಿದ್ದದ್ದು ಶ್ರಾವಣದಲ್ಲಿ. ಭೀಮೆ ತುಂಬಿ ಹರಿಯುತ್ತಿದ್ದಳು. ಒದ್ದೆ ಹರಗೋಲನ್ನು ತಲೆಯ ಮೇಲೆ ಹೊತ್ತು ದಡ ಹತ್ತುವಾಗ ಕಾಲು ಜಾರಿತು, ನಡು ಹೋಗಿ ಕಲ್ಲಿನ ಪಾವಟಿಗೆಯ ಅಂಚಿಗೆ ಬಡಿಯಿತು. ಅಣ್ಣತಮ್ಮಂದಿರು ಶಹಾಬಾದಿನ ಕಲ್ಲಿನ ಖಣಿಗೆ ದುಡಿಯಲು ಹೋಗಿದ್ದರು. ಹೊಳೆ ದಾಟುವ ಜನ ದಡದಲ್ಲಿ ನಿಂತೇ ಇದ್ದರು. ಅವನ ಹೆಂಡತಿ ಸಾಬಮ್ಮ ಯಾರನ್ನೂ ಕೇಳದೆ ಹುಟ್ಟು ಎತ್ತಿಕೊಂಡಳು.

ನಿಜಾಮರ ರಾಜ್ಯ ಹೋಗಿ ನಾಲ್ಕೈದು ವರ್ಷವಾಗಿತ್ತು, ಕಚೇರಿಯ ಕಾಯಿದೆಗಳೆಲ್ಲ ಬದಲಾಗಿದ್ದವು. ಹರಗೋಲಿನ ಕಾಯಿದೆ ಮಾತ್ರ ಹಳೆಯದೇ. ಹೊಳೆ ದಾಟಿಸುವ ನಮ್ಮ ಘಟ್ಟದಲ್ಲಿ ಹೆಣ್ಣುಮಗಳು ಹುಟ್ಟು ಮುಟ್ಟುವಂತಿರಲಿಲ್ಲ. ಖಂಡಪ್ಪ ಬಕ್ತರ ತೊಟ್ಟು ಬಂದ ಮೇಲೆ ಅಂಬಿಗರ ಹಿರಿಯ ಸಾಯಬಣ್ಣ, ಅವನ ಕಾಕಾ, ಗೊಣಗುತ್ತಲೇ ಒಪ್ಪಿಕೊಂಡ.

"ಇವನ ಬಕ್ತರ ಇಳಿಯೋತನಕ ಅಷ್ಟೇ, ನೋಡವ್ವ. ಆಮ್ಯಾಲ ಹುಟ್ಟು ಅವನ ಕೈಗೆ."

ಕಾಕಾ ಕೆಟ್ಟವನಲ್ಲ. ಒಮ್ಮೆ ಆಡಿದ ಮಾತಿಗೆ ತಾನೇ ಕಟ್ಟುಬೀಳುವ ಮನುಷ್ಯ, ಅಂಥವರ ಸಂಗಡ ಹೆಣಗುವುದು ಕೆಟ್ಟವರ ಸಂಗಡ ಹೆಣಗುವುದಕ್ಕಿಂತ ಕಷ್ಟ.

ಖಂಡಪ್ಪನಿಗೆ ಈಗ ಕೆಲಸವಿಲ್ಲ. ಬೆಳಿಗ್ಗೆ ಬಕ್ತರ ಬಿಗಿಸಿಕೊಂಡು ದಡದ ಬೇವಿನ ಮರದಡಿ ಕೂರುತ್ತಿದ್ದ. ಬಗ್ಗಲಾಗದು, ಒರಗಲಾಗದು, ಎದುರಿಗೆ ನೋಡಬೇಕು. ಎದುರಿಗೆ ಹೊಳೆ, ಹೊಳೆಯಲ್ಲಿ ಸಾಬಮ್ಮ. ಮೊದಮೊದಲು ಅವಳ ತಪ್ಪುಗಳನ್ನೇ ನೋಡಿದ. ಬರಬರುತ್ತ ತಪ್ಪುಗಳು ಸಿಗಲಿಲ್ಲ. ಅವನಾದರೆ ಸೆಳವಿನ ಜೊತೆ ಗುದ್ದಾಡಿ ದಾಟುತ್ತಿದ್ದ. ಅವಳು ಅದಕ್ಕೆ ತುಸು ಬಿಟ್ಟುಕೊಟ್ಟು, ಮಡುವಿನ ಹತ್ತಿರ ಎರಡು ಏಟು ಹಾಕಿ, ಸರಿಯಾಗಿ ಆಚೆಯ ಕಲ್ಲಿಗೇ ಮುಟ್ಟಿಸುತ್ತಿದ್ದಳು. ಮನೆಯಲ್ಲಿ ಹತ್ತು ಮಾತಿಗೊಂದು ಉತ್ತರ ಕೊಡುವ ಹೆಂಗಸು ನೀರಿನ ಮೇಲೆ ಊರಿನ ಸುದ್ದಿಯನ್ನೆಲ್ಲ ಹೇಳಿ ಜನರನ್ನು ನಗಿಸುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯನ್ನು ತಾನು ಸರಿಯಾಗಿ ನೋಡಿಯೇ ಇರಲಿಲ್ಲ ಎನಿಸಿ ಅವನಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಸಂಕ್ರಾಂತಿಯ ಹೊತ್ತಿಗೆ ಚಿತ್ತಾಪುರದ ದವಾಖಾನೆಗೆ ಒಬ್ಬನೇ ಹೋದ. ಡಾಕ್ಟರ್ ಬೆನ್ನು ಒತ್ತಿ ನೋಡಿ ಹೇಳಿದರು.

"ಎಲುವು ಕೂಡ್ಯಾದ. ಇನ್ನ ಇದನ್ನ ಬಿಚ್ಚಿಡು, ದಿನಾ ಕಸರತ್ತು ಮಾಡು. ಸುಮ್ಮನ ಹಾಕ್ಕೊಂಡೇ ಇದ್ರ ಬೆನ್ನು ತನ್ನ ಕೆಲಸ ಮರೀತದ. ಆಮ್ಯಾಲ ಜನ್ಮಪೂರ್ತಿ ಇದೇ ಗತಿ."

ಖಂಡಪ್ಪ ಹೂಂ ಎಂದ. ಗಾಡಿ ಊರು ಮುಟ್ಟುವಷ್ಟರಲ್ಲಿ ಬಕ್ತರವನ್ನು ಮತ್ತೆ ಬಿಗಿದುಕೊಂಡಿದ್ದ. ಹೆಂಡತಿಗೆ, "ಇನ್ನೂ ಹಾಕ್ಕೋ ಅಂದ್ರು" ಎಂದ.

ಸಂಕ್ರಾಂತಿ ಕಳೆದು ತಿಂಗಳಾಯಿತು, ಬಿಸಿಲು ಏರಿತು. ತೊಗಲಿನ ಕೆಳಗೆ ಬೆವರು, ಬೊಕ್ಕೆ, ತುರಿಕೆ. ಒಂದು ಮಧ್ಯಾಹ್ನ ತಡೆಯಲಾಗದೆ ಅದನ್ನು ಬೇವಿನ ಕೊಂಬೆಗೆ ತೂಗಿಹಾಕಿ, ನೀರಿಗಿಳಿದು, ಬಗ್ಗಿ ಬೆನ್ನಿಗೆ ನೀರು ಎರಚಿಕೊಂಡ. ನಡುಹೊಳೆಯಲ್ಲಿದ್ದ ಸಾಬಮ್ಮ ತಿರುಗಿ ನೋಡಿದಳು. ಅವಳು ದಡಕ್ಕೆ ಬರುವಷ್ಟರಲ್ಲಿ ಗಂಡ ಬಕ್ತರ ಹಾಕಿಕೊಂಡು ನರಳುತ್ತ ಕುಳಿತಿದ್ದ. ಸಂಜೆ ರೊಟ್ಟಿ ಬಡಿಯುತ್ತ ಕೇಳಿದಳು.

"ಡಾಕ್ಟರ್ ಏನಂದಿದ್ರು? ಖರೇ ಹೇಳು."

"ಸಂಕ್ರಾಂತಿಗೇ ಬಿಚ್ಚು ಅಂದಿದ್ರು. ಇಟ್ಕೊಂಡ್ರ ಬೆನ್ನು ಕೆಡ್ತದಂತ."

"ಮತ್ತ ಯಾಕ ಬಿಚ್ಚಲಿಲ್ಲ?"

"ನಾ ಬಿಚ್ಚಿದ್ರ ನಿನ್ನ ಕೈಯಾಗಿನ ಹುಟ್ಟು ಹೋಗ್ತದ."

ರೊಟ್ಟಿಯ ಸಪ್ಪಳ ನಿಂತಿತು. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಅಳುವೂ ಬಂದದ್ದು ಅವಳಿಗೆ ಇನ್ನಷ್ಟು ಸಿಟ್ಟು ತಂದಿತು.

"ನಾ ಕೇಳಿದ್ನೇನು? ನಿನ್ನ ಬೆನ್ನು ತಿಂದು ಹುಟ್ಟು ಹಾಕೋವಷ್ಟು ಕೆಟ್ಟಾಕಿ ಇದ್ದೀನೇನು ನಾ? ಹೊಳಿ ಬಿಟ್ರ ಕೂಲಿ ಮಾಡ್ತೀನಿ. ನೀ ಹಾಸಿಗಿ ಹಿಡಿದ್ರ ಯಾರ ಸಂಗಡ ಜಗಳಾಡ್ಲಿ?"

ಜೋಳದ ಹಿಟ್ಟಿನ ಕೈಯಲ್ಲೇ ಬಕ್ಕಲುಗಳನ್ನು ಬಿಚ್ಚಿದಳು. ಆಸರೆ ಹೋಗಿದ್ದೇ ತಡ, ಕುಳಿತಲ್ಲೇ ಖಂಡಪ್ಪನ ಬೆನ್ನು ಅರ್ಧ ತುಂಬಿದ ಚೀಲದ ಹಾಗೆ ಕುಸಿಯಿತು. ಮಧ್ಯಾಹ್ನ ಆ ಒಂದು ಗಳಿಗೆ ಬಗ್ಗಿದ್ದಕ್ಕೇ ಅದು ದಣಿದು ನಡುಗುತ್ತಿತ್ತು. ಇಬ್ಬರಿಗೂ ಹೆದರಿಕೆಯಾಯಿತು. ತಡವಾಯಿತೇನೋ ಎಂದು ಇಬ್ಬರೂ ಅಂದುಕೊಂಡರು.

ಮರುದಿನದಿಂದ ಸಾಬಮ್ಮ ಅವನನ್ನು ಬಿಡಲಿಲ್ಲ. ಚಾಪೆಯ ಮೇಲೆ ಬೋರಲು ಮಲಗಿಸಿ ಎದೆ ಎತ್ತಿಸಿದಳು, ಹೊಲದ ಬದುವಿನ ಮೇಲೆ ನಡೆಸಿದಳು, ಬೈದು ಬೈದು ಮಾಡಿಸಿದಳು. ಬೆನ್ನು ಗಟ್ಟಿಯಾದಂತೆಲ್ಲ ತನ್ನ ಹೊಳೆಯ ದಿನಗಳು ತೀರುತ್ತಿವೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಒಂದು ದಿನ ತಪ್ಪಿಸಲಿಲ್ಲ.

ಯುಗಾದಿಯ ಬೆಳಿಗ್ಗೆ ಸಾಯಬಣ್ಣ ಕಾಕಾ ಘಟ್ಟಕ್ಕೆ ಬಂದ. ಆಚೆ ದಡದ ಊರಿನಲ್ಲಿ ಅವನ ಮಗಳಿದ್ದಳು. ಸಾಬಮ್ಮ ಹುಟ್ಟನ್ನು ತೊಳೆದು ಹರಗೋಲಿಗೆ ಒರಗಿಸಿ ಪಕ್ಕಕ್ಕೆ ಸರಿದು ನಿಂತಿದ್ದಳು. ಎಲ್ಲಿರಬೇಕೆಂದು ಅವಳ ಕೈಗಳಿಗೆ ತಿಳಿಯಲಿಲ್ಲ. ಸೆರಗಿನ ತುದಿ ಹಿಡಿದವು, ಬಿಟ್ಟವು.

"ಬಕ್ತರ ಇಳೀತು, ಬೆನ್ನೂ ಗಟ್ಟಿ ಆತಲ್ಲ," ಎಂದ ಕಾಕಾ. "ಹಿಡಿ, ಖಂಡಪ್ಪ."

ಖಂಡಪ್ಪ ಹುಟ್ಟನ್ನು ಎತ್ತಿಕೊಂಡ. ತಾನು ಹಿಡಿಯುತ್ತಿದ್ದ ಜಾಗಕ್ಕಿಂತ ಗೇಣು ಕೆಳಗೆ ಕಟ್ಟಿಗೆ ಹೊಸದಾಗಿ ನುಣುಪಾಗಿತ್ತು. ಅಲ್ಲಿ ಒಮ್ಮೆ ಕೈಯಾಡಿಸಿ, ಅದನ್ನು ಸಾಬಮ್ಮನ ಮುಂದೆ ಚಾಚಿದ.

"ಯಾಕೋ, ಇನ್ನಾ ನೋಯ್ತದೇನು?"

"ಇಲ್ಲ ಕಾಕಾ, ಬರೋಬ್ಬರಿ ಆಗ್ಯಾದ. ಆದ್ರೂ ಇದು ಆಕಿ ಕೈಯಾಗೇ ಇರ್ಲಿ. ನನಕಿಂತ ಛಲೋ ಹಾಕ್ತಾಳ. ದಂಡಿಗಿ ಕುಂತು ನೋಡೀನಿ. ನಾ ಮೀನ ಹಿಡೀತೀನಿ."

"ಮಂದಿ ನಗ್ತಾರ."

"ಇಷ್ಟು ದಿನ ನಕ್ಕಾರಲ್ಲ. ನನಗೇನೂ ಆಗಿಲ್ಲ."

ಕಾಕಾ ಹೊಳೆ ನೋಡಿದ, ಸಾಬಮ್ಮನನ್ನು ನೋಡಿದ. "ಬಿಸಿಲು ಏರಾಕತ್ತದ. ಮಗಳು ಹಾದಿ ನೋಡಾಕತ್ತಿರ್ತಾಳ" ಎಂದು ಧೋತರ ಎತ್ತಿ ಕಟ್ಟಿ, ಹರಗೋಲಿನಲ್ಲಿ ಹೋಗಿ ಕುಳಿತ. ಸಾಬಮ್ಮ ಹುಟ್ಟು ಹಿಡಿದು ಹಿಂದೆಯೇ ಹತ್ತಿದಳು.

ಇಬ್ಬರ ಭಾರಕ್ಕೆ ಹರಗೋಲು ಕೆಸರಿನಲ್ಲಿ ಕೂತಿತು. ಖಂಡಪ್ಪ ಅದರ ಅಂಚಿಗೆ ಎರಡೂ ಕೈಯಿಟ್ಟ. ಘಟ್ಟದಲ್ಲಿ ನಿಂತವರೆಲ್ಲರ ಕಣ್ಣ ಮುಂದೆ ಬಗ್ಗಿ, ಬೆನ್ನಿನ ಬಲವನ್ನೆಲ್ಲ ಹಾಕಿ ನೂಕಿದ. ಹರಗೋಲು ನೀರಿಗೆ ಹೋಯಿತು. ಆಮೇಲೆ ನಿಧಾನಕ್ಕೆ, ತಾನಾಗಿಯೇ, ನೆಟ್ಟಗೆ ನಿಂತು ಅವಳು ದಾಟುವುದನ್ನು ನೋಡಿದ.