ಗೊಬ್ಬರದ ಡ್ರಮ್ಮಿನ ಹಲ್ಲಿನ ಸೆಟ್ಟು

ಭೂಮಿ ಇನ್ನೂ ತಿರುಗುತ್ತಿದ್ದರೆ ಅದಕ್ಕೆ ನಮ್ಮ ಮನೆಯೇ ಕಾರಣ. ಪ್ಲಾಸ್ಟಿಕ್ ಚೀಲ ನಮ್ಮ ಹೊಸ್ತಿಲು ದಾಟಲು ಹೆದರುತ್ತದೆ. ಒಂದು ಸೋಪಿನ ಚೂರು ಮೂರು ತಲೆಮಾರಿಗೆ ಬರುತ್ತದೆ. ಎಲ್ಲ ನನ್ನ ಹೆಂಡತಿಯ ಕಾನೂನು. ಅದರಲ್ಲೂ ನೀರಿನ ಕಾನೂನು ಬಲು ಉಗ್ರ: ಲೋಟದಲ್ಲಿ ನಿಂತ ನೀರು ಕಂಡರೆ ಹೂಕುಂಡಕ್ಕೆ, ತಳದಲ್ಲಿ ಉಳಿದದ್ದು ಗೊಬ್ಬರದ ಬಕೆಟ್ಟಿಗೆ. ಕುಡಿಯಲೆಂದು ನೀರಿಟ್ಟುಕೊಂಡು ನಾನೊಮ್ಮೆ ಆಕಳಿಸಿ ಬಾಯಿ ಮುಚ್ಚುವಷ್ಟರಲ್ಲಿ ಲೋಟ ಖಾಲಿ.

ಇವಳಿಗೆ ಈ ದೀಕ್ಷೆ ಕೊಟ್ಟವರು ಮೇಲಿನ ಮನೆಯ ಟೀಚರಮ್ಮ. ಏಣಿಯಿಂದ ಸೂಜಿಯವರೆಗೆ ಎಲ್ಲವನ್ನೂ ಹಂಚಿಕೊಂಡು ಬಳಸಿ ಎಂದು ಕಟ್ಟಡಕ್ಕೆಲ್ಲ ಬೋಧಿಸುವವರು. ಎಲ್ಲರ ಬಕೆಟ್ಟುಗಳೂ ಕೊನೆಗೆ ಸೇರುವುದು ತಾರಸಿಯ ಮೇಲಿರುವ ಅವರ ಗೊಬ್ಬರದ ಡ್ರಮ್ಮಿಗೆ.

ಅವತ್ತು ಬೆಳಿಗ್ಗೆ ಮಾವ ಬಾಯಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಬಂದರು. ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳಿ ನಿವೃತ್ತರಾದವರು ಅವರು. ಅವರ ದನಿಗೆ ಹೊರಟುಹೋದ ಬಸ್ಸೂ ಹಿಂದಕ್ಕೆ ಬರುತ್ತಿತ್ತು. ಹೊಸ ನಿಲ್ದಾಣಕ್ಕೂ ಅದೇ ದನಿ ಬೇಕು, ರೆಕಾರ್ಡಿಂಗಿಗೆ ಬನ್ನಿ ಎಂದು ಕರೆದಿದ್ದದ್ದು ಅವತ್ತಿಗೇ. ನಿವೃತ್ತಿಯಾದಂದಿನಿಂದ ಅವರು ಕಾದು ಕೂತದ್ದು ಇದೊಂದಕ್ಕೆ.

ಅವರ ಹಲ್ಲಿನ ಸೆಟ್ಟು ನೆನೆಹಾಕಿದ್ದ ಲೋಟ ಖಾಲಿಯಿತ್ತು.

ನಿದ್ದೆಗಣ್ಣಿನಲ್ಲಿ ಸುರಿದೆನೆಂದು ಹೆಂಡತಿ ಒಪ್ಪಿಕೊಂಡಳು. ನೀರು ಕುಂಡಕ್ಕೆ ಹೋದದ್ದು ನೆನಪಿದೆ, ಹಲ್ಲು ಹೋದದ್ದು ನೆನಪಿಲ್ಲವಂತೆ. ಬಕೆಟ್ಟನ್ನಂತೂ ಆಗಲೇ ಡ್ರಮ್ಮಿಗೆ ಸುರಿದು ಬಂದಿದ್ದಳು.

ನಾನು ಡ್ರಮ್ಮಿಗೆ ಇಳಿದೆ. ಪಾತಾಳವೂ ಅದಕ್ಕಿಂತ ಮೇಲಿರಬೇಕು. ಕೊನೆಗೆ ಕಿತ್ತಳೆ ಸಿಪ್ಪೆಗಳ ನಡುವಿನಿಂದ ಒಂದು ನಗು ಕಾಣಿಸಿತು. ಎತ್ತಿ ತಂದು, ಏಳು ಜನ್ಮದ ಕೊಳೆ ಹೋಗುವಂತೆ ಉಜ್ಜಿ ಮಾವನ ಕೈಗಿಟ್ಟೆ.

“ಸ್ವಲ್ಪ ಬಿಗಿ ಅನ್ಸುತ್ತಲ್ಲಪ್ಪ,” ಎಂದರು.

“ಗೊಬ್ಬರದಲ್ಲಿತ್ತಲ್ಲ ಮಾವ, ಬೆಳೆದಿರ್ಬೇಕು.”

ನಿಲ್ದಾಣದಲ್ಲಿ ಅವರು ಬಾಯಿ ತೆರೆದರು ನೋಡಿ, ಒಂದೊಂದು ಅಕ್ಷರವೂ ಇಸ್ತ್ರಿ ಹಾಕಿದಂತೆ ಬಂತು. ರೆಕಾರ್ಡಿಂಗಿನವನು ತನಗೇ ಗೊತ್ತಿಲ್ಲದೆ ಕೈಕಟ್ಟಿ ಎದ್ದು ನಿಂತ. ಹೊರಗೆ ಬಸ್ಸುಗಳು ಎತ್ತರದ ಪ್ರಕಾರ ಸಾಲಾಗಿ ನಿಂತವು. ಅರ್ಧ ಮುಗಿದಿದೆ, ಉಳಿದದ್ದಕ್ಕೆ ನಾಳೆ ಬನ್ನಿ, ದನಿ ಮಾತ್ರ ಕೂದಲೆಳೆಯಷ್ಟೂ ಬದಲಾಗಬಾರದು ಎಂದು ಅವನು ಕಳಿಸಿಕೊಟ್ಟ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅಂಗೈಯಲ್ಲಿ ಇನ್ನೊಂದು ಹಲ್ಲಿನ ಸೆಟ್ಟು.

“ಕುಂಡದಲ್ಲಿ ಸಿಕ್ತು. ಅಪ್ಪಂದು ಇದೇ. ನೋಡಿ, ಈ ಮೂಲೆ ಚೂರು ಮುರಿದಿದೆ.”

ನಾನು ಅವಳ ಅಂಗೈ ನೋಡಿದೆ, ಮಾವನ ಬಾಯಿ ನೋಡಿದೆ, ಮತ್ತೆ ಅಂಗೈ ನೋಡಿದೆ. ನನ್ನಂಥ ಬುದ್ಧಿವಂತನ ತಲೆಯೂ ಗಿರ್ರೆಂದಿತು.

“ಹಾಗಾದ್ರೆ ನನ್ನ ಬಾಯಲ್ಲಿರೋರು ಯಾರು?” ಎಂದರು ಮಾವ.

ಅಷ್ಟರಲ್ಲಿ ಟೀಚರಮ್ಮ ಬಾಯಿಗೆ ಕರ್ಚೀಫು ಒತ್ತಿಕೊಂಡು ಮೆಟ್ಟಿಲಿಳಿದು ಬಂದರು. ಅವರ ಮನೆಯಲ್ಲೂ ಅದೇ ಕಾನೂನಲ್ಲವೇ. ತಮ್ಮ ಹಲ್ಲು ನೆನೆಹಾಕಿದ್ದ ಲೋಟವನ್ನು ತಾವೇ ಬಕೆಟ್ಟಿಗೆ ಸುರಿದಿದ್ದರು. ಡ್ರಮ್ಮಿಗೆ ಇಳಿದಾಗ ಏನಾದರೂ ಸಿಕ್ಕಿತೇ ಎಂದು ಕರ್ಚೀಫಿನೊಳಗಿಂದಲೇ ವಿಚಾರಿಸಿದರು.

ಮಾವ ತುಟಿ ಬಿಗಿದರು. ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಮೈಕು ಒಂದೇ ಅವರ ಕಣ್ಣೆದುರಿಗಿತ್ತೆಂದು ಕಾಣುತ್ತದೆ. ಕೊನೆಗೆ ಅದೇ ಇಸ್ತ್ರಿ ಹಾಕಿದ ದನಿಯಲ್ಲಿ ಕೇಳಿಯೇಬಿಟ್ಟರು:

“ಮೇಡಂ, ಎಲ್ಲಾನೂ ಹಂಚ್ಕೊಂಡು ಬಳಸ್ಬೇಕು ಅಂತ ನೀವೇ ಹೇಳ್ತೀರಲ್ವಾ? ಇದನ್ನ ನಾಳೆ ಸಂಜೆವರೆಗೂ ಇಟ್ಕೊಳ್ಳಲಾ?”

ತಮ್ಮದೇ ಹಲ್ಲು ತಮ್ಮನ್ನೇ ಪ್ರಶ್ನೆ ಕೇಳುವುದನ್ನು ಕಂಡು, ಟೀಚರಮ್ಮ ಕರ್ಚೀಫು ಕೆಳಗಿಳಿಸಿ ಮಾವನ ಬಾಯಿಯನ್ನೇ ಬಗ್ಗಿ ನೋಡಿದರು.