ಕೊನೆಯ ಪ್ರಶ್ನೆ

ವೆಲಿಂಗ್ಟನ್ ಪಕ್ಕದ ಊರಾದ ಲೋವರ್ ಹಟ್‌ನ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸಕ್ಕೆ ಹಾಕಿದ ಅರ್ಜಿಯಲ್ಲಿ ವಿಲಾಯ್, ತನ್ನನ್ನು ಬಲ್ಲವರೆಂದು ತಾರಾಳ ಹೆಸರು ಕೊಟ್ಟಿದ್ದಳು. ಪಕ್ಕದ ಮನೆಯ ಈ ಥಾಯ್ ಹೆಂಗಸು ಎರಡು ವರ್ಷದಿಂದ ಪ್ರತಿ ಶನಿವಾರ ಬಂದು ತಾರಾಳ ಅತ್ತೆ ಅಂಬುಜಮ್ಮನ ಉಗುರು ಕತ್ತರಿಸಿ, ಕಾಲಿಗೆ ಎಣ್ಣೆ ತಿಕ್ಕಿ ಹೋಗುತ್ತಿದ್ದಳು. ಅವಳಿಗೂ ಅಂಬುಜಮ್ಮನಿಗೂ ಸಮಾನ ಭಾಷೆ ಇರಲಿಲ್ಲ, ಆದರೂ ಹರಟೆಗೇನೂ ಕೊರತೆಯಿರಲಿಲ್ಲ.

ಭಾನುವಾರ ಥಾಯ್ ಹೋಟೆಲಿನ ಒಡತಿ ಪಾರ್ಸೆಲ್ ಕೊಡುತ್ತ ದನಿ ತಗ್ಗಿಸಿದಳು. "ಆ ವಿಲಾಯ್‌ಳನ್ನು ಮನೆಯೊಳಗೆ ಬಿಟ್ಟುಕೊಂಡಿದ್ದೀರಂತೆ? ವೆಲಿಂಗ್ಟನ್‌ನಲ್ಲಿ ಮೂರು ವರ್ಷ ಮೈ ಮಾರಿದವಳು. ಬೌದ್ಧ ವಿಹಾರಕ್ಕೆ ಅವಳು ತರುವ ಅಡುಗೆಯನ್ನು ನಾವು ಮೇಜಿನ ತುದಿಗೆ ಸರಿಸಿಬಿಡುತ್ತೇವೆ."

ತಾರಾ ನೇರವಾಗಿಯೇ ಕೇಳಿದಳು. ವಿಲಾಯ್ ಕಣ್ಣು ತಪ್ಪಿಸಲಿಲ್ಲ.

"ಹೌದು. ಇಲ್ಲಿ ಅದು ಅಪರಾಧವಲ್ಲ, ತೆರಿಗೆ ಕಟ್ಟಿದ್ದೇನೆ. ಊರಲ್ಲಿ ಅಮ್ಮನ ಮನೆ ಎದ್ದದ್ದು ಆ ದುಡ್ಡಿನಲ್ಲೇ. ತಮ್ಮನ ಮದುವೆಗೆ ಮಾತ್ರ ಬರಬೇಡ ಅಂದರು. ದುಡ್ಡಿಗೆ ಮೈಲಿಗೆಯಿಲ್ಲ, ನನಗಿದೆ." ಆಮೇಲೆ ಅಂದಳು: "ವೃದ್ಧಾಶ್ರಮದವರು ಕೇಳಿದರೆ ಸುಳ್ಳು ಹೇಳಬೇಡ. ನೀನು ನೋಡಿದ್ದಷ್ಟೇ ಹೇಳು."

"ಕಾನೂನೇ ಸರಿ ಅಂದ್ಮೇಲೆ ನಿಂದೇನು ಪ್ರಾಬ್ಲಮ್ಮು?" ಎಂದ ಗಂಡ ಕೇದಾರ್. ತುಸು ತಡೆದು, "ಕನ್ನಡ ಕೂಟದವ್ರಿಗೆ ಗೊತ್ತಾದ್ರೆ ಮಾತ್ರ ಕಷ್ಟ. ಅಮ್ಮಂಗಂತೂ ಹೇಳ್ಬೇಡ ಮಾರಾಯ್ತಿ."

ಮಂಗಳವಾರ ವೃದ್ಧಾಶ್ರಮದ ಮ್ಯಾನೇಜರ್ ಫೋನ್ ಮಾಡಿದಳು. ಸಮಯಕ್ಕೆ ಬರುತ್ತಾಳೆಯೇ? ತಾಳ್ಮೆ ಇದೆಯೇ? ತಾರಾ ಪಟಪಟನೆ ಉತ್ತರಿಸಿದಳು. ಆ ಕಡೆ ಕೀಬೋರ್ಡು ಟಕಟಕ ಎನ್ನುತ್ತಿತ್ತು.

"ಕೊನೆಯ ಪ್ರಶ್ನೆ. ನಿಮ್ಮ ಮನೆಯ ಹಿರಿಯರನ್ನು ಅವಳ ಕೈಗೆ ಒಪ್ಪಿಸುತ್ತೀರಾ?"

ಎರಡು ವರ್ಷದಿಂದ ಒಪ್ಪಿಸಿಯೇ ಇದ್ದಳು. ಆದರೂ 'ಹೌದು' ಅನ್ನಲು ತಡವಾಯಿತು. ಮೇಜಿನ ತುದಿಗೆ ಸರಿದ ಪಾತ್ರೆ ಕಣ್ಣಿಗೆ ಕಟ್ಟಿತು.

"ಹೌದು. ಖಂಡಿತ," ಎಂದಳು. ಅಷ್ಟರಲ್ಲಿ ಕೀಬೋರ್ಡಿನ ಸದ್ದು ನಿಂತುಹೋಗಿತ್ತು.

"ಅರ್ಥವಾಯಿತು. ಥ್ಯಾಂಕ್ಸ್."

ಗುರುವಾರ ವಿಲಾಯ್‌ಳ ಮೆಸೇಜು ಬಂತು: "ಕೆಲಸ ಸಿಗಲಿಲ್ಲ. ನನ್ನ ಬಗ್ಗೆ ಕೇಳಿದಾಗ ನೀನು ಅನುಮಾನಿಸಿದೆಯಂತೆ." ತಾರಾ ಉತ್ತರ ಬರೆದಳು, ಅಳಿಸಿದಳು, ಮತ್ತೆ ಬರೆದು ಅಳಿಸಿದಳು.

ಶನಿವಾರ ಅಂಬುಜಮ್ಮ ಎಣ್ಣೆಬಟ್ಟಲು ಪಕ್ಕಕ್ಕಿಟ್ಟುಕೊಂಡು, ಕಾಲು ಚಾಚಿ ಕೂತೇ ಇದ್ದರು.

"ಯಾಕೇ ಇನ್ನೂ ಬರ್ಲಿಲ್ಲ ಆ ಹುಡುಗಿ? ನೀನೇನಾದ್ರೂ ಅಂದ್ಯಾ?"

"ನಾನೇನೂ ಅನ್ಲಿಲ್ಲ ಅತ್ತೆ," ಎಂದಳು ತಾರಾ.